ಕೂಲರ್ ಗಾಳಿಗೆ ಉಬ್ಬಿದ ನೆಲ: ಬಿಚ್ಚಿ, ಕತ್ತರಿಸಿ, ಮತ್ತೆ ಹಾಕಿದ್ದು

ಕಲಬುರಗಿಯಲ್ಲಿ ಮರದ ನೆಲ ಹಾಕಿಸಿದ್ದೇವೆ ಅಂತ ಯಾರಿಗಾದರೂ ಹೇಳಿ ನೋಡಿ. "ಶಹಾಬಾದ್ ಫರಸಿ ಇಲ್ಲೇ ಮಗ್ಗಲದಾಗ ಸಿಗ್ತದ, ಕಟ್ಟಿಗಿ ಯಾಕ ಬೇಕಾಗಿತ್ರಿ?" ಅನ್ನುತ್ತಾರೆ. ಕೇಳುವುದರಲ್ಲಿ ನ್ಯಾಯ ಇದೆ. ಈ ಬಿಸಿಲಿಗೆ ಕಲ್ಲಿನ ತಂಪು ಬೇರೆ ಯಾವುದಕ್ಕೂ ಬರುವುದಿಲ್ಲ. ಆದರೆ ಅವ್ವನಿಗೆ ಮೊಣಕಾಲು ನೋವು, ಡಿಸೆಂಬರ್‌ನಲ್ಲಿ ಫರಸಿ ಮೇಲೆ ಬರಿಗಾಲು ಇಡಲು ಆಗುವುದಿಲ್ಲ. ಮಕ್ಕಳಿಬ್ಬರ ಓದು, ಊಟ, ಜಗಳ ಎಲ್ಲ ನೆಲದ ಮೇಲೆಯೇ. ಹಾಗಾಗಿ ಪಡಸಾಲೆಗೂ ಮಕ್ಕಳ ಕೋಣೆಗೂ ಹಳೆ ಫರಸಿಯ ಮೇಲೆಯೇ 8 ಮಿ.ಮೀ. ದಪ್ಪದ ಲ್ಯಾಮಿನೇಟ್ ಹಾಕಿಸಿದ್ದೆವು. ಅಡುಗೆಮನೆ, ದೇವರ ಕೋಣೆ, ಬಚ್ಚಲಿಗೆ ಹೋಗುವ ದಾರಿ ಕಲ್ಲಿನದ್ದೇ ಉಳಿಯಿತು.

ಮೇ ತಿಂಗಳಲ್ಲಿ ಆ ನೆಲ ಎದ್ದಿತು. ಪಡಸಾಲೆಯಲ್ಲಿ ಕೂಲರ್ ಮುಂದಿನ ಹಲಗೆಗಳ ಸಂದು ಉಬ್ಬಿ ಕಾಲಿಗೆ ತಾಗುತ್ತಿತ್ತು. ಮಕ್ಕಳ ಕೋಣೆಯ ನಡುವೆ ಒಂದು ದಿಬ್ಬ. ಕಾಲಿಟ್ಟರೆ ಕೆಳಗೆ, ತೆಗೆದರೆ ಮೇಲೆ. ಮಗಳಿಗೆ ಅದೇ ಆಟವಾಯಿತು. ಹಾಕಿಕೊಟ್ಟವರಿಗೆ ಫೋನ್ ಮಾಡಿದರೆ "ಮಳಿಗಾಲಕ್ಕ ತಾನೇ ಕೂಡ್ತದ್ರಿ" ಅಂದರು. ಮಳೆಗಾಲದಲ್ಲಿ ತೇವ ಇನ್ನೂ ಜಾಸ್ತಿ ಅಲ್ವಾ, ಆಗ ಹೇಗೆ ಕೂಡುತ್ತದೆ ಅಂತ ಕೇಳಿದ ಮೇಲೆ ಫೋನ್ ಎತ್ತುವುದನ್ನೇ ಬಿಟ್ಟರು. ಸರಿ, ನಾನೇ ಬಿಚ್ಚಲು ಕೂತೆ. ನಮ್ಮ ಓಣಿಯ ಬಡಿಗೇರ ಕಾಕಾ ಜೊತೆಗೆ ಬಂದರು.

ಎರಡು ಉಬ್ಬು, ಎರಡು ಕಾರಣ

ನೋಡಲು ಎರಡೂ ಉಬ್ಬೇ. ಆದರೆ ರೋಗ ಬೇರೆ, ಮದ್ದೂ ಬೇರೆ. ಕಾಕಾ ಹೇಳಿಕೊಟ್ಟ ಪರೀಕ್ಷೆ ಸುಲಭ. ಉಬ್ಬಿದ ಜಾಗದ ಮೇಲೆ ಅಂಗೈ ಇಟ್ಟು ಒತ್ತಿ. ಕೆಳಗೆ ಇಳಿದರೆ ಹಲಗೆ ಚೆನ್ನಾಗಿದೆ, ಹಿಗ್ಗಲು ಜಾಗ ಸಿಗದೆ ಮೇಲೆದ್ದಿದೆ. ಎಷ್ಟು ಒತ್ತಿದರೂ ಅಂಚು ಹಾಗೇ ನಿಂತರೆ ಹಲಗೆ ನೀರು ಕುಡಿದಿದೆ.

ಲ್ಯಾಮಿನೇಟ್ ಅಂದರೆ ಪೂರ್ತಿ ಮರ ಅಲ್ಲ. ನಡುವೆ ಇರುವುದು ಎಚ್‌ಡಿಎಫ್, ಅಂದರೆ ಮರದ ನಾರನ್ನು ಅಂಟಿನ ಜೊತೆ ಕಾಯಿಸಿ ಒತ್ತಿದ ಹಲಗೆ. ಅದರ ಮೇಲೆ ಮರದ ಚಿತ್ರ ಅಚ್ಚಾದ ಕಾಗದ. ಅದರ ಮೇಲೆ ಗಟ್ಟಿ ಮೆಲಮೈನ್ ಪದರ. ಮೇಲಿನಿಂದ ನೀರು ಇಳಿಯುವುದು ಕಷ್ಟ, ಸಂದಿನಿಂದ ಸಲೀಸು. ಒಮ್ಮೆ ಒಳಗಿನ ನಾರು ಉಬ್ಬಿತು ಅಂದರೆ ಒಣಗಿದರೂ ಮೊದಲಿನ ಅಳತೆಗೆ ಬರುವುದಿಲ್ಲ. ಕಾಕಾ ಒಂದು ತುಂಡನ್ನು ಮುರಿದು ತೋರಿಸಿದರು. ಒಳಗೆ ಕಂದು ಬಣ್ಣದ ಪುಡಿ. "ತಮ್ಮಾ, ಇದು ಕಟ್ಟಿಗಿ ಅಲ್ಲ, ಕಟ್ಟಿಗಿ ಹಿಟ್ಟು. ನೀರು ಕುಡಿದ್ರ ಮುಗೀತು, ಮತ್ತ ಇಳ್ಯಾಂಗಿಲ್ಲ."

ಮೊದಲು ಮಕ್ಕಳ ಕೋಣೆಯ ಸ್ಕರ್ಟಿಂಗ್ ಪಟ್ಟಿಯನ್ನು ಉಳಿ ಹಾಕಿ ಮೆಲ್ಲಗೆ ಎಬ್ಬಿಸಿದೆವು. ಹಲಗೆಯ ಅಂಚು ಗೋಡೆಗೆ ಒತ್ತಿಕೊಂಡೇ ಇತ್ತು, ನಡುವೆ ಒಂದು ಬ್ಲೇಡ್ ಕೂಡ ತೂರುತ್ತಿರಲಿಲ್ಲ. ಗೋಡೆಯ ಪುಟ್ಟಿ ಪುಡಿಯಾಗಿ, ಹಲಗೆ ಒತ್ತಿದ ಗೆರೆ ಉದ್ದಕ್ಕೂ ಮೂಡಿತ್ತು. ಸುತ್ತಲೂ 8ರಿಂದ 10 ಮಿ.ಮೀ. ಜಾಗ ಬಿಡಬೇಕು ಎನ್ನುವುದು ಈ ಕೆಲಸದ ಮೊದಲ ಪಾಠ. ಹಿಗ್ಗುವಿಕೆಗೆ ಮೀಟರಿಗೆ ಸುಮಾರು ಒಂದೂವರೆ ಮಿ.ಮೀ. ಅಂತ ಲೆಕ್ಕ ಹಿಡಿಯುತ್ತಾರೆ. ಈ ಕೋಣೆ 14 ಅಡಿ, ಅಂದರೆ ನಾಲ್ಕೂಕಾಲು ಮೀಟರ್, ಹಾಗಾದರೆ ಆರು ಮಿ.ಮೀ. ಮೇಲೆಯೇ ಬೇಕು. ಇಲ್ಲಿ ಇದ್ದದ್ದು ಸೊನ್ನೆ.

ಇಷ್ಟೇ ಆಗಿದ್ದರೂ ಸಹಿಸಬಹುದಿತ್ತು. ಬಾಗಿಲ ತಡೆಗೋಲನ್ನು ಹಲಗೆಯ ಮೂಲಕವೇ ಕಲ್ಲಿಗೆ ಸ್ಕ್ರೂ ಹೊಡೆದು ಕೂರಿಸಿದ್ದರು. ಸ್ಕರ್ಟಿಂಗ್‌ನ ಮೊಳೆಗಳೂ ಅಲ್ಲಲ್ಲಿ ಹಲಗೆಗೇ ಇಳಿದಿದ್ದವು. ಈ ನೆಲವನ್ನು ತೇಲುವ ನೆಲ ಅನ್ನುತ್ತಾರೆ. ಇದು ಕೆಳಗೆ ಎಲ್ಲಿಯೂ ಅಂಟಿಲ್ಲ, ಒಂದೇ ದೊಡ್ಡ ಚಾಪೆಯ ಹಾಗೆ ಹಿಗ್ಗಿ ಕುಗ್ಗುತ್ತಿರಬೇಕು. ಎರಡು ಕಡೆ ಮೊಳೆ ಹೊಡೆದು ಹಿಡಿದರೆ ನಡುವೆ ಏಳದೆ ಇನ್ನೇನು ಮಾಡುತ್ತದೆ? ಎದುರುಬದುರು ಗೋಡೆಗೆ ಎರಡು ತುಂಬಿದ ಸ್ಟೀಲ್ ಕಪಾಟು ಇಟ್ಟರೂ ಇದೇ ಕಥೆ. ನಮ್ಮಲ್ಲಿ ಒಂದೇ ಇತ್ತು, ಪುಣ್ಯ.

ತಡೆಗೋಲು ಕಿತ್ತೆವು. ಸ್ಕ್ರೂ ಇದ್ದ ತೂತನ್ನು ಅಗಲ ಮಾಡಿದೆವು. ಎರಡು ಗೋಡೆಗಳ ಉದ್ದಕ್ಕೂ ಮಲ್ಟಿ ಟೂಲ್‌ನಿಂದ 10 ಮಿ.ಮೀ. ಪಟ್ಟಿ ಕತ್ತರಿಸಿದೆವು. ಈ ಯಂತ್ರದ ಬ್ಲೇಡ್ ತಿರುಗುವುದಿಲ್ಲ, ಅತ್ತಿತ್ತ ನಡುಗುತ್ತದೆ, ಹಾಗಾಗಿ ಗೋಡೆಯ ಬುಡದವರೆಗೂ ಹೋಗುತ್ತದೆ. ಧೂಳು ಮಾತ್ರ ವಿಪರೀತ. ಮಾಸ್ಕ್ ಇಲ್ಲದೆ ಕೈ ಹಾಕಬೇಡಿ. ಹಲಗೆಯ ಕೆಳಗೆ ಹಾಸಿದ್ದ ಹಳೆಯ ಪ್ಲಾಸ್ಟಿಕ್ ಹಾಳೆ ಹರಿಯದಂತೆ ಆಳ ಗುರುತು ಮಾಡಿಕೊಂಡು ಕತ್ತರಿಸಬೇಕು. ಎರಡನೇ ಗೋಡೆಯ ಕೊನೆಯ ತುಂಡು ಬಿಡುತ್ತಿದ್ದ ಹಾಗೆ ನಡುವಿನ ದಿಬ್ಬ "ಟಪ್" ಅಂತ ಸದ್ದು ಮಾಡಿ ಅರ್ಧ ಕುಸಿಯಿತು. ಉಳಿದದ್ದು ಬೆಳಿಗ್ಗೆ ಎದ್ದು ನೋಡುವಷ್ಟರಲ್ಲಿ ಕೂತಿತ್ತು. ಆ ಕೋಣೆಯಲ್ಲಿ ಒಂದೇ ಒಂದು ಹಲಗೆಯನ್ನೂ ಬದಲಿಸಲಿಲ್ಲ.

ಕೂಲರ್ ಮಾಡುವ ಕೆಲಸ

ಪಡಸಾಲೆಯದು ಬೇರೆ ಮಾತು. ಕೂಲರ್ ನೀರನ್ನು ಗಾಳಿಗೆ ಬೆರೆಸಿ ತಂಪು ಮಾಡುತ್ತದೆ. ಹೊರಗೆ 42 ಡಿಗ್ರಿ ಇರುವ ಮಧ್ಯಾಹ್ನ ನಮ್ಮ ಕಡೆ ಗಾಳಿ ಬಿರುಸಾಗಿ ಒಣಗಿರುತ್ತದೆ. ಗಾಳಿಯ ತೇವ ಅಳೆಯುವ ಒಂದು ಸಣ್ಣ ಹೈಗ್ರೋಮೀಟರ್ ತಂದು ನೋಡಿದೆ. ಅಂಗಳದಲ್ಲಿ ತೇವ ಶೇಕಡಾ 20ರ ಆಸುಪಾಸು, ಬಾಗಿಲು ಕಿಟಕಿ ಹಾಕಿ ಕೂಲರ್ ಓಡಿಸಿದ ಪಡಸಾಲೆಯಲ್ಲಿ 75ಕ್ಕೂ ಮೇಲೆ. ಗಾಳಿಯ ತೇವ 25 ಇದ್ದಾಗ ಮರ ತನ್ನ ಒಣ ತೂಕದ ಸುಮಾರು ಶೇಕಡಾ 5ರಷ್ಟು ನೀರು ಹಿಡಿದಿರುತ್ತದೆ. 80 ಆದರೆ 15ರ ಮೇಲೆ ಹೋಗುತ್ತದೆ. ಬೇರೆ ಊರಲ್ಲಿ ಬೇಸಿಗೆಯಿಂದ ಮಳೆಗಾಲಕ್ಕೆ ಆಗುವ ಬದಲಾವಣೆ ನಮ್ಮ ಪಡಸಾಲೆಯಲ್ಲಿ ಬೆಳಿಗ್ಗೆಯಿಂದ ಸಂಜೆಗೆ ಆಗುತ್ತಿತ್ತು. ಹಲಗೆ ಒಂದೇ ದಿನದಲ್ಲಿ ಅಷ್ಟು ನೀರು ಹೀರುವುದಿಲ್ಲ, ನಿಜ. ಆದರೆ ಬೇಸಿಗೆ ಪೂರ್ತಿ ಇದೇ ನಡೆದರೆ?

ಅದರ ಮೇಲೆ ಕೊಡದಿಂದ ಟ್ಯಾಂಕಿಗೆ ನೀರು ಸುರಿಯುವಾಗ ಚೆಲ್ಲುವುದು. ಪ್ಯಾಡ್ ಹಳತಾದರೆ ಹನಿ ಹಾರುವುದು. ಕೂಲರ್ ಕೆಳಗಿನ ಹಲಗೆ ಎತ್ತಿದಾಗ ಅಡಿಗೆ ಹಾಸಿದ್ದ ಮೆತ್ತನೆ ಫೋಮ್ ಒದ್ದೆ, ಹಲಗೆಯ ಹಿಂಭಾಗ ಕಪ್ಪು, ಮುಗ್ಗಲು ವಾಸನೆ. ಕೂಲರ್‌ನಿಂದ ಮೂರು ಅಡಿ ದೂರದವರೆಗಿನ ಹಲಗೆಗಳು ಕೆಟ್ಟಿದ್ದವು. ಅದರಾಚೆ ಎಲ್ಲ ಗಟ್ಟಿಮುಟ್ಟು.

ಬದಲಿಸುವುದಾದರೆ ಏನು?

ಪೂರ್ತಿ ಕಿತ್ತು ಹೊಸದು ಹಾಕೋಣವೇ ಅಂತ ಒಂದಷ್ಟು ಅಂಗಡಿ ಸುತ್ತಿದೆ.

ತೇಗದ ಹಲಗೆ ಕಾಕಾನ ಆಸೆ. 18 ಮಿ.ಮೀ. ದಪ್ಪದ ತೇಗ, ತಲೆಮಾರು ಬಾಳುತ್ತದೆ, ಸವೆದರೆ ಮತ್ತೆ ಮತ್ತೆ ಉಜ್ಜಿ ಪಾಲಿಶ್ ಮಾಡಬಹುದು. ತೇಗ ಬೇರೆ ಮರಗಳಿಗಿಂತ ಕಡಿಮೆ ಆಡುತ್ತದೆ. ಗೆದ್ದಲೂ ಅದರ ಒಳಗಿನ ಗಟ್ಟಿ ಮರಕ್ಕೆ ಸುಲಭಕ್ಕೆ ಬಾಯಿ ಹಾಕುವುದಿಲ್ಲ. ಆದರೆ ಬೆಲೆ ಕೇಳಿದ ಮೇಲೆ ಕಾಕಾನೇ ಸುಮ್ಮನಾದರು. ಜೊತೆಗೆ ಅಷ್ಟು ದಪ್ಪ ಕೂರಿಸಿದರೆ ಎಲ್ಲ ಬಾಗಿಲ ಕೆಳಗೂ ಕೊಯ್ಯಬೇಕು.

ಎಂಜಿನಿಯರ್ಡ್ ಹಲಗೆ ನನಗೆ ಹೆಚ್ಚು ಹಿಡಿಸಿತು. ಕೆಳಗೆ ಅಡ್ಡ ಉದ್ದ ಜೋಡಿಸಿದ ಪ್ಲೈವುಡ್ ಪದರ, ಮೇಲೆ ನಿಜವಾದ ಮರ. ಮರ ಯಾವಾಗಲೂ ಅಗಲಕ್ಕೆ ಹಿಗ್ಗುತ್ತದೆ, ಉದ್ದಕ್ಕೆ ಹಿಗ್ಗುವುದು ಇಲ್ಲವೆನ್ನುವಷ್ಟು ಕಡಿಮೆ. ಪದರಗಳನ್ನು ಅಡ್ಡ ಉದ್ದ ಇಟ್ಟರೆ ಒಂದನ್ನೊಂದು ಹಿಡಿದು ನಿಲ್ಲಿಸುತ್ತವೆ. ಕೊಳ್ಳುವಾಗ ಮೇಲಿನ ಮರದ ದಪ್ಪ ಎಷ್ಟು ಅಂತ ಕೇಳಿ. 3, 4 ಮಿ.ಮೀ. ಇದ್ದರೆ ಮುಂದೆ ಒಂದೆರಡು ಸಲ ಉಜ್ಜಬಹುದು. ಒಂದು ಮಿ.ಮೀ. ಇದ್ದರೆ ಅದು ಮರದ ಹೆಸರು ಹೇಳುವ ಸಿಪ್ಪೆ ಅಷ್ಟೇ.

ಎಸ್‌ಪಿಸಿ ಅಂತ ಇನ್ನೊಂದು ಬಂದಿದೆ, ನೀರಿಗೆ ಜಗ್ಗುವುದಿಲ್ಲ. ಏನಪ್ಪಾ ಇದು ಅಂತ ನೋಡಿದರೆ ಸುಣ್ಣದ ಕಲ್ಲಿನ ಪುಡಿ ಮತ್ತು ಪಿವಿಸಿ. ಶಹಾಬಾದ್ ಕಲ್ಲೂ ಸುಣ್ಣದ ಕಲ್ಲೇ. ಕಲ್ಲಿನ ಮೇಲೆ ಕಲ್ಲಿನ ಪುಡಿ ಹಾಕಿ ಅದಕ್ಕೆ ಮರದ ಚಿತ್ರ ಅಂಟಿಸಿ ದುಡ್ಡು ಕೊಡುವುದು ನೆನೆಸಿಕೊಂಡು ನಗು ಬಂತು. ಆದರೂ ನೀರು ಚೆಲ್ಲುವ ಮನೆಗೆ ಒಳ್ಳೆಯದೇ. ನಮ್ಮ ಪಡಸಾಲೆಗೆ ಪಡುವಣ ಕಿಟಕಿ ಇದೆ, ಮೇ ತಿಂಗಳ ಸಂಜೆ ಬಿಸಿಲು ನೇರ ನೆಲಕ್ಕೆ ಬೀಳುತ್ತದೆ. ಪಿವಿಸಿ ಇರುವ ಹಲಗೆ ತೇವಕ್ಕೆ ಅಲ್ಲ, ಕಾವಿಗೆ ಹಿಗ್ಗುತ್ತದೆ. ಅದಕ್ಕೆ ಬೇಡ ಅನ್ನಿಸಿತು.

ಕೊನೆಗೆ ಇದ್ದ ಲ್ಯಾಮಿನೇಟನ್ನೇ ಉಳಿಸಿಕೊಂಡೆವು. ಹಲಗೆಗಳು ಚೆನ್ನಾಗಿದ್ದವು, ಎಸಿ4 ದರ್ಜೆಯವು. ಈ ಎಸಿ ಅಂಕಿ ಮೇಲ್ಮೈ ಎಷ್ಟು ಸವಕಳಿ ತಡೆಯುತ್ತದೆ ಅನ್ನುವುದನ್ನು ಹೇಳುತ್ತದೆ. ಸಾಮಾನ್ಯ ಮನೆಗೆ ಎಸಿ3 ಸಾಕು, ಮಕ್ಕಳು, ನೆಂಟರು, ಸೈಕಲ್ ಎಲ್ಲ ಓಡಾಡುವ ಮನೆಗೆ ಎಸಿ4, ಅಂಗಡಿಗೆ ಎಸಿ5. ಅಂಗಡಿಯವರು ದಪ್ಪದ ಮಾತನ್ನೇ ಮೊದಲು ಆಡುತ್ತಾರೆ, 12 ಮಿ.ಮೀ. ತಗೊಳ್ರಿ ಅಂತ. ದಪ್ಪಕ್ಕೂ ಸವೆತಕ್ಕೂ ಸಂಬಂಧ ಇಲ್ಲ. ಮಕ್ಕಳ ಕೋಣೆಗೆ ಇನ್ನೊಂದು ನೋಡಬೇಕಾದದ್ದು ಡಬ್ಬಿಯ ಮೇಲಿನ ಇ1 ಗುರುತು. ಒಳಗಿನ ಅಂಟಿನಿಂದ ಹೊರಡುವ ಫಾರ್ಮಾಲ್ಡಿಹೈಡ್ ಒಂದು ಮಿತಿಯೊಳಗೆ ಇದೆ ಎಂದು ಅದು ಸೂಚಿಸುತ್ತದೆ.

ಕೂಲರ್ ಕಲ್ಲಿನ ಮೇಲೆ

ಉಪಾಯ ಹೇಳಿದ್ದು ಅವ್ವ. "ಕೂಲರ್ ಇಡೂ ಜಾಗ್ದಾಗ ಕಟ್ಟಿಗಿ ಯಾಕ ಬೇಕು? ಅಲ್ಲಿ ಫರಸಿ ಹಂಗೇ ಬಿಡ್ರಿ." ಕಿಟಕಿ ಗೋಡೆಯ ಉದ್ದಕ್ಕೂ ಮೂರು ಅಡಿ ಅಗಲ ಲ್ಯಾಮಿನೇಟ್ ತೆಗೆದು ಹಳೆ ಫರಸಿಯನ್ನು ಹೊರಗೆ ಬಿಡುವುದು, ಕೂಲರ್ ಅದರ ಮೇಲೆ ನಿಲ್ಲಿಸುವುದು. ನೀರು ಚೆಲ್ಲಿದರೆ ಕಲ್ಲಿನ ಮೇಲೆ ಚೆಲ್ಲಲಿ. ಅಂಟು ಹಾಕದ ತೇಲುವ ನೆಲವಾದ್ದರಿಂದ ಕಲ್ಲು ಹಾಳಾಗಿರಲಿಲ್ಲ. ತೊಳೆದರೆ ಹಳೆಯ ಬೂದು ನೀಲಿ ಬಣ್ಣ ಬಂತು.

ಪಡಸಾಲೆಯ ಹಲಗೆಗಳನ್ನೆಲ್ಲ ಬಿಚ್ಚಿದೆವು. ಕೊನೆಗೆ ಹಾಕಿದ ಸಾಲಿನಿಂದ ಶುರು ಮಾಡಿ, ಪ್ರತಿ ಹಲಗೆಯ ಹಿಂದೆ ಸಾಲು ಮತ್ತು ಸಂಖ್ಯೆ ಪೆನ್ಸಿಲ್‌ನಲ್ಲಿ ಬರೆದೆವು. ಹಲಗೆಯನ್ನು ಓರೆಯಾಗಿ ಎತ್ತಿದರೆ ಪಕ್ಕದ ಹಲಗೆಗೆ ಸಿಕ್ಕಿಸಿದ ಅಂಚಿನ ಕೊಂಡಿ ತಾನೇ ಬಿಡುತ್ತದೆ. ಜಗ್ಗಿ ಎಳೆದರೆ ಕೊಂಡಿಯ ನಾಲಿಗೆ ಮುರಿಯುತ್ತದೆ, ಆ ಹಲಗೆ ಮತ್ತೆ ಕೂಡುವುದಿಲ್ಲ.

ಕಲ್ಲು ಬರಿದಾದ ಮೇಲೆ ನೆಲದಿಂದ ತೇವ ಏಳುತ್ತದಾ ಅಂತ ನೋಡಿದೆವು. ಎರಡು ಅಡಿ ಚೌಕದ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಕಡೆ ಟೇಪ್ ಹಾಕಿ ಕಲ್ಲಿಗೆ ಅಂಟಿಸಿ ಒಂದು ಹಗಲು ಒಂದು ರಾತ್ರಿ ಬಿಟ್ಟೆವು. ಒಳಗೆ ಹನಿ ಕಟ್ಟಿದರೆ ಅಥವಾ ಕಲ್ಲು ಕಪ್ಪಾದರೆ ಕೆಳಗಿನಿಂದ ನೀರು ಬರುತ್ತಿದೆ ಅಂತ ಅರ್ಥ. ನಮ್ಮಲ್ಲಿ ಒಣಗಿಯೇ ಇತ್ತು. ಹಳೆ ಮನೆಗಳಲ್ಲಿ ಫರಸಿಯನ್ನು ಮಣ್ಣು ಮರಳಿನ ಮೇಲೆಯೇ ಕೂರಿಸಿರುತ್ತಾರೆ. ಅಂಥ ಕಡೆ ಈ ಪರೀಕ್ಷೆಯನ್ನು ಮಳೆಗಾಲದಲ್ಲೇ ಮಾಡಿ. ಬೇಸಿಗೆಯಲ್ಲಿ ಮಾಡಿದರೆ ಸುಳ್ಳು ಹೇಳುತ್ತದೆ.

ಆಮೇಲೆ ಮಟ್ಟ. ಎರಡು ಮೀಟರ್ ಉದ್ದದ ಅಲ್ಯೂಮಿನಿಯಂ ಪಟ್ಟಿ ನೆಲದ ಮೇಲಿಟ್ಟರೆ ಕೆಳಗೆ 3 ಮಿ.ಮೀ.ಗಿಂತ ಜಾಸ್ತಿ ಸಂದು ಕಾಣಬಾರದು. ಒಂದು ಕಲ್ಲು ಕುಸಿದು 6 ಮಿ.ಮೀ. ತಗ್ಗಿತ್ತು. ಹಿಂದೆ ಹಾಕಿದವರು ಅಲ್ಲಿ ಫೋಮನ್ನು ಎರಡು ಪದರ ಮಡಚಿ ಇಟ್ಟಿದ್ದರು. ಮೆತ್ತನೆಯದು ಹೆಚ್ಚಾದರೆ ಹಲಗೆ ಕಾಲ ಕೆಳಗೆ ಬಾಗಿ ಕೊಂಡಿ ಸವೆಯುತ್ತದೆ. ಹಾಗಾಗಿ ತಗ್ಗನ್ನು ಲೆವೆಲಿಂಗ್ ಸಿಮೆಂಟ್‌ನಿಂದ ತುಂಬಿ ಒಣಗಲು ಬಿಟ್ಟೆವು. ಅಲ್ಲಿಯವರೆಗೆ ಪಡಸಾಲೆ ಇಲ್ಲದ ಮನೆ. ಊಟ ಮಕ್ಕಳ ಕೋಣೆಯಲ್ಲಿ, ನೆಂಟರು ಅಂಗಳದಲ್ಲಿ.

ಹಾಸುವುದು ಬೇಗ ಆಯಿತು. ಕೆಳಗೆ 200 ಮೈಕ್ರಾನ್ ಪ್ಲಾಸ್ಟಿಕ್ ಹಾಳೆ, ಒಂದರ ಮೇಲೊಂದು 20 ಸೆಂ.ಮೀ. ಬರುವಂತೆ ಹಾಸಿ ಟೇಪ್. ಅದರ ಮೇಲೆ 2 ಮಿ.ಮೀ. ಫೋಮ್, ಒಂದೇ ಪದರ. ಗೋಡೆಗೆ 10 ಮಿ.ಮೀ. ಮರದ ಬೆಣೆಗಳನ್ನು ಸುತ್ತಲೂ ಇಟ್ಟು, ಹಲಗೆ ಕೂರಿಸಿದ ಮೇಲೆ ತೆಗೆದೆವು. ಪಕ್ಕದ ಸಾಲುಗಳ ತುದಿ ಸಂದುಗಳ ನಡುವೆ ಕನಿಷ್ಠ 30 ಸೆಂ.ಮೀ. ಅಂತರ ಇರಬೇಕು, ಇಲ್ಲದಿದ್ದರೆ ನೆಲಕ್ಕೆ ಬಲ ಇರುವುದಿಲ್ಲ. ಕತ್ತರಿಸುವಾಗ ಒಂದು ಮಾತು: ಜಿಗ್‌ಸಾ ಹಲ್ಲು ಮೇಲಕ್ಕೆ ಕೊಯ್ಯುತ್ತದೆ, ಹಾಗಾಗಿ ಚಿತ್ರದ ಮುಖ ಕೆಳಗಿರಲಿ. ಕೈಗರಗಸವಾದರೆ ಮುಖ ಮೇಲಿರಲಿ. ಉಲ್ಟಾ ಆದರೆ ಅಂಚಿನ ಬಣ್ಣ ಚಕ್ಕೆ ಚಕ್ಕೆಯಾಗಿ ಏಳುತ್ತದೆ.

ಕಲ್ಲು ಮತ್ತು ಹಲಗೆ ಸೇರುವ ಗಡಿ ಎಲ್ಲಕ್ಕಿಂತ ಕಷ್ಟದ್ದು. ಎತ್ತರದ ವ್ಯತ್ಯಾಸ ಹಲಗೆ 8, ಫೋಮ್ 2, ಒಟ್ಟು 10 ಮಿ.ಮೀ. ಇಳಿಜಾರಿನ ಅಲ್ಯೂಮಿನಿಯಂ ಪಟ್ಟಿಯನ್ನು ಅಲ್ಲಿ ಕೂರಿಸಿದೆವು. ಪಟ್ಟಿಯ ಸ್ಕ್ರೂ ಹಲಗೆಗೆ ಇಳಿಯಬಾರದು, ಕಲ್ಲಿಗೇ ಇಳಿಯಬೇಕು. ಹಲಗೆಯ ಅಂಚು ಪಟ್ಟಿಯ ಕೆಳಗೆ 10 ಮಿ.ಮೀ. ಸಂದು ಬಿಟ್ಟು ಆರಾಮಾಗಿ ಇರಬೇಕು. ಪ್ಲಾಸ್ಟಿಕ್ ಹಾಳೆಯ ತುದಿಯನ್ನು ಮೇಲಕ್ಕೆ ಮಡಚಿ ಪಟ್ಟಿಯ ಒಳಗೆ ಸಿಗಿಸಿ, ಕಲ್ಲಿನ ಕಡೆ ಸಿಲಿಕೋನ್ ಎಳೆದೆವು. ಫರಸಿ ಪದರ ಪದರವಾಗಿ ಇರುವ ಕಲ್ಲು. ಅಂಚಿನ ಹತ್ತಿರ ಹ್ಯಾಮರ್ ಡ್ರಿಲ್ ಹಾಕಿದರೆ ಸಿಪ್ಪೆ ಏಳುತ್ತದೆ. ಕಾಕಾ ಹ್ಯಾಮರ್ ಬಂದ್ ಮಾಡಿ, ಬಿಟ್ ತುದಿಗೆ ಆಗಾಗ ನೀರು ಮುಟ್ಟಿಸುತ್ತ, ಬೀಡಿ ಸೇದುವಷ್ಟು ಹೊತ್ತಿಗೆ ಒಂದು ತೂತು ಕೊರೆದರು. ಒಂದೂ ಚಕ್ಕೆ ಏಳಲಿಲ್ಲ.

ದಿನದ ನಿರ್ವಹಣೆ, ಅಂದರೆ ಅವ್ವನ ಜೊತೆಗಿನ ಮಾತುಕತೆ

"ಒರಸೂದು ಅಂದ್ರ ನೀರು ಬೇಕಪಾ. ಒಣಾ ಅರಿಬಿ ಎಳದ್ರ ಹೊಲಸು ಹೋಗ್ತದೇನು?" ಅವ್ವನ ಪ್ರಶ್ನೆ. ಬಕೆಟ್ ತುಂಬ ಫಿನೈಲ್ ನೀರು, ತೊಟ್ಟಿಕ್ಕುವ ಅರಿವೆ, ಇದು ಫರಸಿಯ ಪದ್ಧತಿ. ಮನೆ ಕೆಲಸಕ್ಕೆ ಬರುವ ಅಕ್ಕನೂ ಅವ್ವನ ಪಕ್ಷ. ಈಗ ಒಪ್ಪಂದ ಹೀಗಿದೆ. ಕಲ್ಲಿನ ಕಡೆ ಎಷ್ಟು ನೀರಾದರೂ ಸುರಿಯಲಿ. ಹಲಗೆಯ ಕಡೆ ಮೊದಲು ಮೆತ್ತನೆ ಪೊರಕೆ, ಆಮೇಲೆ ಹಿಂಡಿದ ಮೈಕ್ರೋಫೈಬರ್ ಬಟ್ಟೆ. ಒರೆಸಿದ ಜಾಗ ಒಂದು ನಿಮಿಷದಲ್ಲಿ ಒಣಗಬೇಕು, ಒಣಗದಿದ್ದರೆ ನೀರು ಜಾಸ್ತಿ ಆಗಿದೆ. ಬೋರ್ ನೀರಿನಲ್ಲಿ ಒರೆಸಿದರೆ ಬಿಳಿ ಪೊರೆ ಕಟ್ಟುತ್ತದೆ. ಅದಕ್ಕೆ ಹಿಂದೆಯೇ ಒಣ ಬಟ್ಟೆ ಎಳೆಯುತ್ತೇವೆ. ಹಾಲು, ಚಹಾ ಚೆಲ್ಲಿದರೆ ಕೂಡಲೇ ಒರೆಸುವುದು ಮಕ್ಕಳಿಗೂ ರೂಢಿಯಾಗಿದೆ.

ಗೀರುಗಳಿಗೆ ಕಾರಣ ಸೈಕಲ್ಲೂ ಅಲ್ಲ, ಚೆಂಡೂ ಅಲ್ಲ. ಚಪ್ಪಲಿಗೆ ಅಂಟಿ ಬರುವ ಮರಳಿನ ಹರಳು. ಅದರ ಮೇಲೆ ಕುರ್ಚಿ ಎಳೆದರೆ ಉಪ್ಪು ಕಾಗದದಲ್ಲಿ ಉಜ್ಜಿದ್ದಕ್ಕೆ ಸಮ. ಹೊಸ್ತಿಲ ಹೊರಗೆ ಒರಟು ನಾರಿನ ಮ್ಯಾಟ್, ಒಳಗೆ ಬಟ್ಟೆಯ ಮ್ಯಾಟ್ ಹಾಕಿದ್ದೇವೆ. ಹಬ್ಬದ ದಿನ ಮಾತ್ರ ಇನ್ನೊಂದು ಎಚ್ಚರ. ರಂಗೋಲಿ ಪುಡಿ ಕೂಡ ಕಲ್ಲಿನ ಪುಡಿಯೇ. ಮಗಳು ಪಡಸಾಲೆಯ ನಡುವೆ ರಂಗೋಲಿ ಹಾಕುವ ಹಟ ಹಿಡಿದರೆ ಅಕ್ಕಿಹಿಟ್ಟು ಕೊಡುತ್ತೇವೆ. ಕುರ್ಚಿ, ಮಂಚದ ಕಾಲಿಗೆ ಫೆಲ್ಟ್ ಅಂಟಿಸಿದ್ದೇವೆ. ಅದರಲ್ಲೂ ಹರಳು ಸಿಕ್ಕಿಕೊಳ್ಳುತ್ತದೆ, ಆಗಾಗ ತಿರುಗಿಸಿ ನೋಡಿ ಬದಲಿಸಬೇಕು.

ಲ್ಯಾಮಿನೇಟ್‌ಗೆ ಮೇಣ, ಎಣ್ಣೆ, ಪಾಲಿಶ್ ಯಾವುದೂ ಬೇಡ, ಒಳಗೆ ಇಳಿಯುವುದೇ ಇಲ್ಲ, ಮೇಲೆ ಜಾರುತ್ತದೆ ಅಷ್ಟೇ. ಉಜ್ಜುವ ಯಂತ್ರವಂತೂ ಬೇಡವೇ ಬೇಡ, ಚಿತ್ರದ ಕಾಗದ ಹರಿದುಹೋಗುತ್ತದೆ. ಹಬೆ ಬಿಡುವ ಮಾಪ್ ಇದೆಯಲ್ಲ, ಅದು ಸಂದಿಗೆ ನೇರ ನೀರು ನುಗ್ಗಿಸುತ್ತದೆ. ಸಣ್ಣ ಗೀರಿಗೆ ಅದೇ ಬಣ್ಣದ ಮೇಣದ ಕಡ್ಡಿ ಸಾಕು.

ಈ ಬೇಸಿಗೆಯಲ್ಲಿ ಕೂಲರ್ ಕಲ್ಲಿನ ಮೇಲೆ ನಿಂತಿತ್ತು, ಎದುರಿನ ಬಾಗಿಲು ಒಂದು ಗೇಣು ತೆರೆದಿರುತ್ತಿತ್ತು. ಹಾಗೆ ಮಾಡಿದರೆ ತೇವದ ಗಾಳಿ ಹೊರಗೆ ಹೋಗುತ್ತದೆ, ಕೂಲರ್ ತಂಪೂ ಜಾಸ್ತಿ ಕೊಡುತ್ತದೆ. ಹೈಗ್ರೋಮೀಟರ್ 60ರ ಆಸುಪಾಸಿಗೆ ಇಳಿಯಿತು. ಜಾತ್ರೆಗೆ ಬಂದ ನೆಂಟರ ಓಡಾಟವೂ ಮುಗಿಯಿತು, ಸಂದುಗಳು ಸಮ ಇವೆ.

ಬಾಕಿ ಇರುವುದು ಬಚ್ಚಲ ದಾರಿಯ ಹೊಸ್ತಿಲು. ಅಲ್ಲಿ ಹಿಂದಿನವರು ಹಾಕಿದ ಪಟ್ಟಿಯ ಸ್ಕ್ರೂ ಹಲಗೆಯ ಮೂಲಕವೇ ಇಳಿದಿದೆ, ಮಳೆಗಾಲಕ್ಕೆ ಮೊದಲು ತೆಗೆಯಬೇಕು. ಹೊಸದಾಗಿ ಹಾಕಿಸುವವರು ಲೆಕ್ಕಕ್ಕಿಂತ ಹತ್ತರಲ್ಲಿ ಒಂದು ಪಾಲು ಜಾಸ್ತಿ ಹಲಗೆ ತಂದಿಟ್ಟುಕೊಳ್ಳಿ. ಅದೇ ಚಿತ್ರ, ಅದೇ ಕೊಂಡಿ ಎರಡು ವರ್ಷದ ಮೇಲೆ ಅಂಗಡಿಯಲ್ಲಿ ಸಿಗುವ ಖಾತರಿ ಇಲ್ಲ. ನಮ್ಮ ಉಳಿದ ಹಲಗೆಗಳು ಮಂಚದ ಕೆಳಗೆ ಮಲಗಿಸಿ ಇಟ್ಟಿವೆ. ಗೋಡೆಗೆ ಒರಗಿಸಿ ನಿಲ್ಲಿಸಬೇಡಿ, ಬಿಲ್ಲಿನ ಹಾಗೆ ಬಾಗುತ್ತವೆ.